ಫ್ಲೂರಿಯಲ್ಲಿ ಒಂದೇ ವೈನು, ಮೂರು ಗ್ಲಾಸು

ಫ್ರಾನ್ಸಿನ ಲಿಯಾನ್‌ನಲ್ಲಿ ಕಳೆದ ಮೂರು ದಿನಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ರೋನ್, ಸೋನ್ ಎರಡು ನದಿ ಕೂಡುವ ಊರು. ಮೂರನೆಯ ನದಿಯೊಂದಿದೆ, ಅದರ ಹೆಸರು ಬೋಜೊಲೆ ಎಂದು ಅಲ್ಲಿಯವರು ಹೇಳುತ್ತಾರೆ. ಊರಿನ ಉತ್ತರಕ್ಕಿರುವ ಗುಡ್ಡಗಳಿಂದ ಬರುವ ಹಗುರವಾದ ಕೆಂಪು ವೈನ್ ಅದು. ಆ ಮೂರನೆಯ ನದಿಯ ಮೊದಲ ಗುಟುಕು ನನ್ನ ಪಾಲಿಗೆ ಕೆಟ್ಟದಾಗಿತ್ತು. ಜುಲೈ ತಿಂಗಳ ಸೆಕೆಯಲ್ಲಿ, ಅಡುಗೆಮನೆಗೆ ಅಂಟಿಕೊಂಡ ಕಪಾಟಿನಿಂದ ಇಳಿಸಿದ ಬಾಟಲಿ. ಗ್ಲಾಸನ್ನು ಮೂಗಿನ ಹತ್ತಿರ ತಂದರೆ ಮೊದಲು ಮದ್ಯದ ಘಾಟು, ಆಮೇಲೆ ಕುದಿಸಿದ ಜಾಮಿನ ವಾಸನೆ. ಸ್ವಲ್ಪ ತಣ್ಣಗೆ ಮಾಡಿಕೊಡುತ್ತೀರಾ ಎಂದು ಕೇಳಿದೆ. ಕೆಂಪು ವೈನನ್ನು ಯಾರೂ ತಣ್ಣಗೆ ಕುಡಿಯುವುದಿಲ್ಲ ಎಂದು ಬಡಿಸುವವನು ಹೇಳಿ ಹೊರಟೇಹೋದ. ಅರ್ಧ ಬಾಟಲಿ ಅಲ್ಲೇ ಬಿಟ್ಟು ಎದ್ದೆ. ಈ ವೈನ್ ನನಗಲ್ಲ ಎಂದುಕೊಂಡಿದ್ದೆ.

ಆದರೂ ಹೊರಟೆ. ರೈಲಿನಲ್ಲಿ ಬೆಲ್‌ವಿಲ್ ತನಕ ಕಷ್ಟವಿಲ್ಲ. ಅಲ್ಲಿಂದ ಬೋಜೊಲೆ ಗುಡ್ಡಗಳ ಹಳ್ಳಿ ಫ್ಲೂರಿಗೆ ಹತ್ತು ಕಿಲೋಮೀಟರಿಗೂ ಮೇಲೆ. ಭಾನುವಾರವಾದ್ದರಿಂದ ಒಂದು ಬಸ್ಸೂ ಸಿಗಲಿಲ್ಲ. ಬಿಸಿಲಲ್ಲಿ ಬಹಳ ದೂರ ನಡೆದು, ಉಳಿದದ್ದಕ್ಕೆ ಯಾರದೋ ಕಾರು ಹತ್ತಿ, ಮೊದಲೇ ಗುರುತು ಮಾಡಿಕೊಂಡಿದ್ದ ವೈನ್ ನೆಲಮಾಳಿಗೆ ಮುಟ್ಟಿದರೆ ಬಾಗಿಲಿಗೆ ಬೀಗ. ಊಟಕ್ಕೆಂದು ಹುಡುಕಿಕೊಂಡು ಹೋದ ಕಡೆ ಎರಡು ಗಂಟೆಗೆ ಅಡುಗೆಮನೆ ಮುಚ್ಚಿತ್ತು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಈ ಹಳ್ಳಿಗಳಲ್ಲಿ ಬೆಳೆಗಾರರ ಮನೆಯೇ ಅಂಗಡಿ. ಮುಂಚೆ ಫೋನ್ ಮಾಡಿ ಹೊತ್ತು ಗೊತ್ತು ಮಾಡಿಕೊಳ್ಳದೆ ಹೋಗಬೇಡಿ, ಭಾನುವಾರವಂತೂ ಬೇಡವೇ ಬೇಡ. ಮಧ್ಯಾಹ್ನ ಹನ್ನೆರಡೂವರೆಗೆ ಊಟಕ್ಕೆ ಕೂತುಬಿಡಿ.

ಮರುದಿನ ಫೋನ್ ಮಾಡಿಯೇ ಹೋದೆ. ಬಾಗಿಲು ತೆಗೆದವರು ಅರವತ್ತು ದಾಟಿದ ಹೆಂಗಸು. ಅವರ ಮನೆಯ ಮೇಲಿನ ಗುಡ್ಡದಲ್ಲಿ ಮದೋನ್ ಎನ್ನುವ ಮೇರಿ ಮಾತೆಯ ಪ್ರಾರ್ಥನಾ ಮಂದಿರ, ಅಲ್ಲಿಂದ ಮನೆಯ ತನಕ ಈ ವೈನ್ ಮಾಡುವ ಗಮೇ ದ್ರಾಕ್ಷಿಯ ಗಿಡಗಳು. ಚಪ್ಪರವಿಲ್ಲದೆ ಕುಳ್ಳಗೆ, ಕೊಂಬೆಗಳನ್ನು ಬಟ್ಟಲಿನ ಹಾಗೆ ಮೇಲಕ್ಕೆ ಚಾಚಿ ನಿಂತಿವೆ. ಕಾಲಡಿ ಗುಲಾಬಿ ಬಣ್ಣದ ಗ್ರಾನೈಟಿನ ಪುಡಿ. ಅವರಿಗೆ ಹರಕು ಇಂಗ್ಲಿಷ್, ನನಗೆ ಹರಕು ಫ್ರೆಂಚ್. ಲಿಯಾನ್‌ನ ಕಥೆ ಹೇಳಿದೆ. ಅವರು ನಗಲಿಲ್ಲ. ಒಳಗೆ ಹೋಗಿ ಒಂದೇ ವೈನನ್ನು ಮೂರು ಗ್ಲಾಸುಗಳಲ್ಲಿ ತಂದಿಟ್ಟರು. ಒಂದು ಫ್ರಿಜ್ಜಿನದು. ಒಂದು ಆಗ ತಾನೇ ನೆಲಮಾಳಿಗೆಯಿಂದ ತಂದದ್ದು, ಸುಮಾರು 13 ಡಿಗ್ರಿ. ಇನ್ನೊಂದು ಬೆಳಗಿನಿಂದ ಕಿಟಕಿಯ ಬಿಸಿಲಲ್ಲಿ ಇಟ್ಟದ್ದು. ಫೋನಿನಲ್ಲಿ ನಾನು ಗೊಣಗಿದ್ದನ್ನು ಕೇಳಿಯೇ ಸಿದ್ಧ ಮಾಡಿದ್ದರು!

ಫ್ರಿಜ್ಜಿನ ಗ್ಲಾಸಿಗೆ ವಾಸನೆಯೇ ಇಲ್ಲ, ಹುಳಿ ಮಾತ್ರ ಚುರುಕ್ಕೆನ್ನುತ್ತದೆ. ಬಿಸಿಲಿನದು ಲಿಯಾನ್‌ನಲ್ಲಿ ಕುಡಿದದ್ದೇ. ನಡುವಿನದನ್ನು ಬಾಯಿಗಿಟ್ಟಾಗ ಬೇರೆ ಬಾಟಲಿ ಇರಬೇಕು ಎನಿಸಿತು. ಮೂಗಿಗೆ ರಾಸ್ಪ್‌ಬೆರಿ, ಯಾವುದೋ ಹೂವಿನ ಪರಿಮಳ, ಬಾಯಿಂದ ಇಳಿಯುವಾಗ ಕಾಳುಮೆಣಸಿನ ಎಳೆ. ಗ್ಲಾಸನ್ನು ವಾಲಿಸಿ ಬಿಳಿ ಹಾಳೆಯ ಮೇಲೆ ಹಿಡಿದರೆ ಅಂಚಿನಲ್ಲಿ ಕೆಳಗಿನ ಅಕ್ಷರ ಓದಬಹುದು, ಅಷ್ಟು ತಿಳಿ.

"ನಾಲಿಗೆ ಒಣಗಿದ ಹಾಗೆ, ಒಸಡು ಹಿಡಿದ ಹಾಗೆ ಆಯಿತಾ?" ಎಂದು ಕೇಳಿದರು.

"ಒಂಚೂರು. ಅದಕ್ಕೆ ನಮ್ಮಲ್ಲಿ ಒಗರು ಅನ್ನುತ್ತೇವೆ" ಎಂದೆ.

"ಒಗರು." ಎರಡು ಸಲ ಹೇಳಿಕೊಂಡರು. "ಅದು ರುಚಿಯೋ, ಸ್ಪರ್ಶವೋ?"

ನಾನು ಅದನ್ನು ಎಂದೂ ಯೋಚಿಸಿರಲಿಲ್ಲ. ನಮ್ಮ ಷಡ್ರಸಗಳಲ್ಲಿ ಒಗರೂ ಒಂದು ಎಂದೆ. ತಮ್ಮ ವೈನಿನ ವಿಷಯಕ್ಕೆ ಅದು ಸ್ಪರ್ಶ ಎಂದರು ಅವರು. ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಬಾಯಿಯ ಜೊಲ್ಲಿನ ಪ್ರೋಟೀನಿಗೆ ಅಂಟಿ ಅದರ ನುಣುಪನ್ನು ಕದಿಯುತ್ತದೆ. ತಣ್ಣಗಾದಷ್ಟೂ ಆ ಒಗರು ಎದ್ದು ಕಾಣುತ್ತದೆ, ಹಾಗಾಗಿ ದಪ್ಪ ಮೈಯ, ಅಂದರೆ ಬಾಯಲ್ಲಿ ಭಾರವೆನಿಸುವ, ಕೆಂಪು ವೈನನ್ನು ತಂಪು ಮಾಡುವುದಿಲ್ಲ. ಗಮೇಯಲ್ಲಿ ಒಗರು ಕಡಿಮೆ, ಹುಳಿ ಹೆಚ್ಚು. ಗೊಂಚಲನ್ನು ಹಿಂಡದೆ ಇಡಿಯಾಗಿ ತೊಟ್ಟಿಗೆ ಹಾಕುತ್ತಾರೆ. ತಳದ ಹಣ್ಣು ಭಾರಕ್ಕೆ ಒಡೆದು ಹುದುಗೆದ್ದು ಮದ್ಯವಾಗತೊಡಗುತ್ತದೆ. ಅದರ ಇಂಗಾಲದ ಡೈಆಕ್ಸೈಡ್ ತೊಟ್ಟಿ ತುಂಬಿ, ಮೇಲಿನ ಹಣ್ಣು ಸಿಪ್ಪೆಯೊಳಗೇ ಹುದುಗೇಳಲು ತೊಡಗುತ್ತದೆ. ಸಿಪ್ಪೆಯ ಒಗರು ಹೆಚ್ಚು ಬಿಡುವ ಮೊದಲೇ ಹಣ್ಣಿನ ಪರಿಮಳ ಬಂದಿರುತ್ತದೆ. ಇದೇ ಗಮೇಯನ್ನು 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ 'ವಿಶ್ವಾಸಘಾತುಕ ಗಿಡ' ಎಂದು ಕರೆದು, ತನ್ನ ಸೀಮೆಯಿಂದ ಕೀಳಿಸಲು ಆಜ್ಞೆ ಹೊರಡಿಸಿದ. ಅದನ್ನು ಹೇಳುವಾಗ ಅವರ ಮುಖ ಗಂಭೀರವಾಗಿತ್ತು, ಮೊನ್ನೆ ನಡೆದ ಅವಮಾನದ ಹಾಗೆ.

ಜೊತೆಗೇನು ತಿನ್ನುತ್ತೀರಿ ಎಂದು ಕೇಳಿದರು. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ನನಗೆ ಗಾಬರಿಯಾಗಿತ್ತು, ಅವರಿಗಲ್ಲ. ಈ ವೈನಿಗೆ ಮಾಂಸವೇ ಬೇಕೆಂದಿಲ್ಲ, ಜಿಡ್ಡೋ ಉಪ್ಪೋ ಇದ್ದರೆ ಸಾಕು ಎಂದು ಆಡಿನ ಹಾಲಿನ ಚೀಸ್ ತಂದರು. ಎರಡು ದಿನದ ಮೆದುವಾದದ್ದು ಒಂದು, ಒಣಗಿ ಉಪ್ಪುಪ್ಪಾದದ್ದು ಇನ್ನೊಂದು. ಮೆದುವಾದ ಚೀಸಿನ ಜಿಡ್ಡನ್ನು ವೈನಿನ ಹುಳಿ ತೊಳೆದು ಮುಂದಿನ ತುತ್ತಿಗೆ ಬಾಯಿ ಸಜ್ಜು ಮಾಡಿತು. ಒಣಗಿದ್ದರ ಉಪ್ಪಿಗೆ ವೈನೇ ಸಿಹಿಯಾದಂತೆ ತೋರಿತು. ಅಣಬೆ ಹಾಕಿದ ಆಮ್ಲೆಟ್ ಎಲ್ಲಕ್ಕಿಂತ ಚೆನ್ನಾಗಿತ್ತು. ಬೆಣ್ಣೆಯಲ್ಲಿ ಬಾಡಿದ ಅಣಬೆಯ ಮಣ್ಣಿನ ಘಮಕ್ಕೆ ಹಣ್ಣಿನ ಘಮ ಸೇರಿದಾಗ ನಾನು ಮಾತು ನಿಲ್ಲಿಸಿದೆ. ಆಮೇಲೆ ಬೇಕೆಂದೇ ಒಂದು ತುಂಡು ನೀಲಿ ಬೂಷ್ಟಿನ ಚೀಸ್ ಕೊಟ್ಟರು. ವೈನಿನ ಹಣ್ಣೆಲ್ಲ ಮಾಯ, ಉಳಿದದ್ದು ಕಹಿ. "ಎಲ್ಲದಕ್ಕೂ ಒಗ್ಗುತ್ತದೆ ಎಂದು ಹೇಳುವವರನ್ನು ನಂಬಬೇಡಿ" ಎಂದರು. ಸಲಾಡಿನಲ್ಲಿ ವಿನೆಗರ್ ಹಿಡಿತದಲ್ಲಿರಲಿ, ಊಟದ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ಸಪ್ಪೆ ಎಂಬುದು ಅವರ ಇನ್ನೊಂದು ಮಾತು.

ಬೋಜೊಲೆಯಲ್ಲಿ ತಮ್ಮ ಹೆಸರಿನಲ್ಲೇ ವೈನ್ ಮಾಡುವ ಹತ್ತು ನೆಲೆಗಳಿವೆ. ಫ್ಲೂರಿ, ಮೊರ್ಗೊನ್, ಮುಲೆಂ-ಅ-ವೆಂ ಅವುಗಳಲ್ಲಿ ಮೂರು. ಮುಂದಿನ ಎರಡು ದಿನ ಈ ಇನ್ನೆರಡನ್ನು ಸುತ್ತಿದೆ. ಮೊರ್ಗೊನ್ ನನಗೆ ಇಷ್ಟವಾಯಿತು. ಅದಕ್ಕೆ ಹೆಚ್ಚು ಮೈ ಇದೆ, 15 ಡಿಗ್ರಿಯೂ ಸರಿ. ನವೆಂಬರ್ ಮೂರನೆಯ ಗುರುವಾರ ಬಿಡುಗಡೆಯಾಗುವ ಹೊಸ ವೈನಿನ ಬಗ್ಗೆ ನನಗೆ ಒಲವಿಲ್ಲ. ಹಿಂದೊಮ್ಮೆ ಕುಡಿದಾಗ ಬಾಳೆಹಣ್ಣಿನ ವಾಸನೆಯೊಂದೇ ನೆನಪುಳಿದಿತ್ತು. ಅದನ್ನೇ ಬೋಜೊಲೆ ಎಂದುಕೊಂಡು ಈ ಗುಡ್ಡಗಳನ್ನು ಮರೆತವರ ಬಗ್ಗೆ ಆ ಹೆಂಗಸಿಗೂ ಬೇಸರವಿತ್ತು.

ಕೊನೆಯ ರಾತ್ರಿ ಲಿಯಾನ್‌ನ ಹೋಟೆಲ್ ಕೋಣೆಯಲ್ಲಿ ಫ್ರಿಜ್ ಇರಲಿಲ್ಲ. ವಾಶ್‌ಬೇಸಿನ್ನಿಗೆ ತಣ್ಣೀರು ತುಂಬಿ, ಕೆಳಗಿನ ಬಾರಿನಿಂದ ಒಂದಿಷ್ಟು ಐಸ್ ಕೇಳಿ ತಂದು, ಫ್ಲೂರಿಯ ಬಾಟಲಿಯನ್ನು ಇಪ್ಪತ್ತು ನಿಮಿಷ ಮುಳುಗಿಸಿಟ್ಟೆ. ಕಾಗದದಲ್ಲಿ ಕಟ್ಟಿ ತಂದ ಒಣ ಚೀಸ್ ಬಿಚ್ಚಿದೆ. ಮೊದಲ ಗ್ಲಾಸಿನಲ್ಲಿ ಹೂವೇ ಮುಂದೆ. ಕಿಟಕಿಯಿಂದ ಸೆಕೆ ಬರುತ್ತಿತ್ತು, ಗ್ಲಾಸಿನ ಬಟ್ಟಲು ಮುಟ್ಟದೆ ಅದರ ಕಾಲನ್ನೇ ಹಿಡಿದಿದ್ದರೂ ಎರಡನೆಯದು ಮುಗಿಯುವಷ್ಟರಲ್ಲಿ ಜಾಮಿನ ವಾಸನೆ ಶುರುವಾಯಿತು. ಬಾಟಲಿಯನ್ನು ಮತ್ತೆ ನೀರಿಗಿಟ್ಟು, ಐಸಿಗೆ ಕೆಳಗೆ ಹೋದೆ.