ಗೊತ್ತಿಲ್ಲ ಸರ್

ಪಂಚಾಯತ್ ರಾಜ್ ಪಾಠಕ್ಕೆ ನನ್ನ ಹತ್ತಿರ ಒಂದು ಚಿತ್ರ ಇದೆ. ಇಪ್ಪತ್ತು ವರ್ಷದಿಂದ ಅದೇ. ಬೋರ್ಡಿನ ಮೇಲೆ ಮೂರು ಡಬ್ಬಿ ಬರೆಯುತ್ತೇನೆ. ಕೆಳಗೆ ಗ್ರಾಮ ಪಂಚಾಯಿತಿ, ನಡುವೆ ತಾಲ್ಲೂಕು, ಮೇಲೆ ಜಿಲ್ಲೆ. ಪಕ್ಕದಲ್ಲಿ ‘73ನೇ ತಿದ್ದುಪಡಿ, 24 ಏಪ್ರಿಲ್ 1993’ ಅಂತ ಗೀಚುತ್ತೇನೆ. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ ತಿದ್ದುಪಡಿ ಅದು. ಮಕ್ಕಳು ಸ್ಕೇಲ್ ಇಟ್ಟು ನೀಟಾಗಿ ಇಳಿಸಿಕೊಳ್ಳುತ್ತಾರೆ. ಗಂಟೆ ಹೊಡೆಯುತ್ತದೆ.

2025ರ ಜನವರಿಯಲ್ಲಿ ಡಬ್ಬಿ ಬರೆದು ತಿರುಗುವಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಮುಳಬಾಗಿಲು ಕಡೆಯವಳು. ಕ್ಲಾಸಿನಲ್ಲಿ ಬಾಯಿ ಬಿಡುವುದೇ ಕಡಿಮೆ.

"ಸರ್, ನಮ್ಮೂರಿಗೆ ಜಿಲ್ಲಾ ಪಂಚಾಯಿತಿ ಮೆಂಬರ್ ಯಾರು?"

"ಈಗ ಯಾರೂ ಇಲ್ಲಮ್ಮ."

"ಮತ್ತೆ ಬೋರ್ಡ್ ಮೇಲೆ ಇದ್ದಾರಲ್ಲ ಸರ್?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ವಿಷಯ ಇಷ್ಟೇ. ನಮ್ಮ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಐದು ವರ್ಷ 2021ಕ್ಕೆ ಮುಗಿಯಿತು. ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. ಆದರೆ ಅದೇ ವರ್ಷ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಹಿಂದುಳಿದ ವರ್ಗಗಳ ಮೀಸಲಾತಿಗೆ ಮೊದಲು ಅಂಕಿಅಂಶ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು, ಅದಕ್ಕೆ ಇನ್ನೊಂದು ಆಯೋಗ ಬಂತು. ಕೇಸು ಹೈಕೋರ್ಟಿಗೆ ಹೋಯಿತು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು. ಚುನಾವಣೆ ಮಾತ್ರ ಬರಲಿಲ್ಲ. ಜಿಲ್ಲಾ ಪಂಚಾಯಿತಿ ಆಫೀಸು ನಡೆಯುತ್ತಿದೆ, ಸಿಇಓ ಅನ್ನುವ ಸರ್ಕಾರಿ ಅಧಿಕಾರಿ ಇದ್ದಾರೆ, ಕಡತ ಓಡಾಡುತ್ತವೆ. ಓಟು ಹಾಕಿ ಕಳಿಸಿದವರು ಮಾತ್ರ ಒಳಗಿಲ್ಲ.

2016ರಲ್ಲಿ ನನ್ನ ಈ ಮಕ್ಕಳು ಐದನೇ ಕ್ಲಾಸಿನಲ್ಲಿದ್ದರು. ಅವರು ಮೊದಲ ಓಟು ಹಾಕಿದ್ದು 2024ರ ಏಪ್ರಿಲ್ 26ರ ಲೋಕಸಭೆಗೆ. ದೆಹಲಿಗೆ ಯಾರನ್ನು ಕಳಿಸಿದೆವು ಅಂತ ಎಲ್ಲರಿಗೂ ಗೊತ್ತು. ತಾಲ್ಲೂಕು, ಜಿಲ್ಲೆ ಅನ್ನುವ ಎರಡು ಡಬ್ಬಿ ಅವರಿಗೆ ನೋಟ್ಸಿನಲ್ಲಿ ಮಾತ್ರ.

ಆವತ್ತು ಸುಮ್ನೆ ಒಂದು ಮನೆಗೆಲಸ ಕೊಟ್ಟೆ. ಮನೆಯಲ್ಲಿ ಕೇಳಿಕೊಂಡು ಬನ್ನಿ, 2016ರಲ್ಲಿ ನಿಮ್ಮ ಕಡೆಯಿಂದ ಗೆದ್ದವರು ಯಾರು? ಮಾರನೇ ದಿನ ಬಂದ ಉತ್ತರಗಳಲ್ಲಿ ಜಾಸ್ತಿ ‘ಗೊತ್ತಿಲ್ಲ’. ನಾಲ್ಕೈದು ಜನ ಎಂಎಲ್‌ಎ ಹೆಸರು ತಂದಿದ್ದರು. ಒಬ್ಬ, ಚುನಾವಣೆಯಲ್ಲಿ ಸೋತವರ ಹೆಸರು ತಂದಿದ್ದ. ಅವರೇ ಮದುವೆ ಮುಂಜಿಗೆ ಬರುತ್ತಾರಂತೆ.

ಆ ಮುಳಬಾಗಿಲಿನ ಹುಡುಗಿ ಮಾತ್ರ, "ಸರ್, ಅಜ್ಜಿಗೆ ಇದು ಗೊತ್ತಿಲ್ಲ, ಆದ್ರೆ ಮಂಡಲ್ ಪ್ರಧಾನರ ಹೆಸರು ಗೊತ್ತಂತೆ" ಅಂದಳು.

ಮಂಡಲ್ ಪ್ರಧಾನ ಅಂದರೆ ಈಗಿನ ಗ್ರಾಮ ಪಂಚಾಯಿತಿಯ ಜಾಗದಲ್ಲಿ ಆಗ ಇದ್ದ ಮಂಡಲ್ ಪಂಚಾಯಿತಿಯ ಮುಖ್ಯಸ್ಥ. ಅಷ್ಟು ಕೇಳಿದ ಮೇಲೆ ಭಾನುವಾರ ಮನೆಯಲ್ಲಿ ಕೂರಲು ಆಗಲಿಲ್ಲ, ಸ್ಕೂಟರ್ ತೆಗೆದೆ.

ಅಜ್ಜಿ ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದರು. ಎರಡು ಬೆರಳಲ್ಲಿ ಒತ್ತಿದರೆ ಕಾಳು ಚಂಗನೆ ಜಿಗಿದು ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನನಗೂ ಒಂದು ಹಿಡಿ ಕೊಟ್ಟರು. ನಾನು ಒತ್ತಿದ್ದು ಮೂರಕ್ಕೆ ಎರಡು ನೆಲಕ್ಕೆ. ಸುಮ್ನೆ ಕೂತು ಕೇಳುವವರಿಗಿಂತ ಕೆಲಸ ಕೆಡಿಸುತ್ತಾ ಕೇಳುವವರಿಗೆ ಜನ ಜಾಸ್ತಿ ಮಾತಾಡುತ್ತಾರೆ. ಇದನ್ನು ನನಗೆ ಯಾವ ಸಂಶೋಧನಾ ವಿಧಾನದ ಪೇಪರೂ ಕಲಿಸಲಿಲ್ಲ.

"ಸೈಕಲ್‌ನಾಗೆ ಬರೋನು," ಅಂದರು ಪ್ರಧಾನರ ಬಗ್ಗೆ. "ಬೋರು ಕೊರಸ್ದ. ಮೊದಲು ಅವ್ರ ಕೇರೀಲೇ ಕೊರಸ್ದ, ಅದಕ್ಕೆ ಜಗಳ ಆಯ್ತು. ಆಮೇಲೆ ನಮಗೂ ಕೊರಸ್ದ." ನಡುವೆ ಮೊಮ್ಮಗಳಿಗೆ ತೆಲುಗಿನಲ್ಲಿ ಬೈದು, ನನಗೆ ಕಾಫಿ ಹೇಳಿದರು. ಆ ಪ್ರಧಾನ ಒಳ್ಳೆಯವನೋ ಕೆಟ್ಟವನೋ ಅಂತ ಕೊನೆಯವರೆಗೂ ಹೇಳಲಿಲ್ಲ. ಅವನ ಸೈಕಲ್ಲಿಗೆ ಮುಂದಿನ ಮಡ್‌ಗಾರ್ಡ್ ಇರಲಿಲ್ಲ ಅನ್ನುವುದನ್ನು ಹೇಳಿದರು.

ಅದು 1987. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾನೂನಿನ ಮೊದಲ ಚುನಾವಣೆ. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು ಅವರು. ಹೆಂಗಸರಿಗೆ ನೂರಕ್ಕೆ 25 ಸೀಟು ಆಗಲೇ ಇತ್ತು, ದೇಶಕ್ಕೆಲ್ಲ 73ನೇ ತಿದ್ದುಪಡಿ ಬರುವುದಕ್ಕೆ ಎಷ್ಟೋ ಮೊದಲು. ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯಿತಿ) ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಇದನ್ನೆಲ್ಲ ಪ್ರತಿ ವರ್ಷ ಹೆಮ್ಮೆಯಿಂದ ಪಾಠ ಮಾಡುತ್ತೇನೆ. ಆ ಹೆಮ್ಮೆ ಸುಳ್ಳೂ ಅಲ್ಲ. ಆದರೆ ಆಗಿನ ಮಂಡಲ್ ಮತ್ತು ಜಿಲ್ಲಾ ಪರಿಷತ್ತುಗಳ ಅವಧಿ 1992ಕ್ಕೆ ಮುಗಿದ ಮೇಲೂ ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಗೆ 1993ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು, ಜಿಲ್ಲಾ ಪಂಚಾಯಿತಿಗೆ 1995ರವರೆಗೆ. ಈ ಸಾಲನ್ನು ನಾನು ಬೋರ್ಡಿನ ಮೇಲೆ ಯಾವತ್ತೂ ಬರೆದಿರಲಿಲ್ಲ.

ಇನ್ನೂ ಒಂದು ಒಪ್ಪಿಕೊಳ್ಳಬೇಕು. ಎರಡು ವರ್ಷದಿಂದ ನನ್ನದೇ ಒಂದು ಸರ್ವೆ ನಡೆದಿದೆ. ಕೋಲಾರ, ಬಂಗಾರಪೇಟೆ ತಾಲ್ಲೂಕಿನ ಕೆಲವು ಹಳ್ಳಿ. 2023ರ ಜುಲೈನಲ್ಲಿ ಶುರು ಮಾಡಿ ಕೈ ಸುಟ್ಟುಕೊಂಡೆ. 15 ಕೆಜಿ ಟೊಮೇಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ ತಿಂಗಳು ಅದು. ಪ್ರಶ್ನೆಪತ್ರಿಕೆ ಹಿಡಿದು ಹೋದರೆ ಯಾರು ನಿಲ್ಲುತ್ತಾರೆ? ತೋಟ ಕಾಯುತ್ತಿದ್ದವರು ನನ್ನನ್ನೇ ಅನುಮಾನದಿಂದ ನೋಡಿದರು. ಇರಲಿ. ಆ ಸರ್ವೆಯ ಹದಿನಾಲ್ಕನೇ ಪ್ರಶ್ನೆ, ‘ನಿಮ್ಮ ಜಿಲ್ಲಾ ಪಂಚಾಯಿತಿಯ ಕೆಲಸದ ಬಗ್ಗೆ ಎಷ್ಟು ತೃಪ್ತಿ ಇದೆ? 1ರಿಂದ 5.’ ‘ಗೊತ್ತಿಲ್ಲ’ ಅಂದವರಿಗೆ ಕೋಡ್ 99. ಕಂಪ್ಯೂಟರಿಗೆ ಹಾಕುವಾಗ 99ನ್ನೆಲ್ಲ ಕಿತ್ತು ಬಿಸಾಕಿ, ಉಳಿದವರ ಸರಾಸರಿ ತೆಗೆದು, ಚೆಂದದ ಕೋಷ್ಟಕ ಮಾಡಿ ಒಂದು ಸೆಮಿನಾರಿನಲ್ಲಿ ಓದಿಯೂ ಬಂದಿದ್ದೆ. ಚಪ್ಪಾಳೆ ಬಿತ್ತು, ಊಟವೂ ಚೆನ್ನಾಗಿತ್ತು. ಯಾರೂ 99ರ ಬಗ್ಗೆ ಕೇಳಲಿಲ್ಲ.

ಅಜ್ಜಿ ಮನೆಯಿಂದ ಬಂದ ರಾತ್ರಿ ಹಳೇ ಫೈಲು ತೆಗೆದೆ. ಹದಿನಾಲ್ಕನೇ ಕಾಲಂ ಉದ್ದಕ್ಕೂ 99, 99, 99. ನಡುವೆ ಅಲ್ಲೊಂದು ಇಲ್ಲೊಂದು 3. ಆ 3 ಹೇಳಿದವರು ಬಹುಶಃ ಮೇಷ್ಟ್ರಿಗೆ ಬೇಜಾರಾಗದಿರಲಿ ಅಂತ ಹೇಳಿದವರು. ನಾನು ಕಸ ಅಂತ ಗುಡಿಸಿದ್ದರಲ್ಲೇ ಉತ್ತರ ಇತ್ತು. ಇಲ್ಲದ ಮೆಂಬರ್ ಬಗ್ಗೆ ಕೇಳಿದರೆ ಜನ ಸರಿಯಾಗೇ ಹೇಳಿದ್ದಾರೆ, ಗೊತ್ತಿಲ್ಲ ಅಂತ. ಗೊತ್ತಿಲ್ಲದೇ ಇದ್ದದ್ದು ನನಗೆ, ಅಲ್ವಾ?

ಕಳೆದ ವಾರ ಕಿರುಪರೀಕ್ಷೆ ಮಾಡಿದೆ. ಹತ್ತು ಅಂಕಕ್ಕೆ ಜಿಲ್ಲಾ ಪಂಚಾಯಿತಿಯ ರಚನೆ, ಕಾರ್ಯ. ಎಲ್ಲರೂ ‘ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ’ ಅಂತ ಬರೆದಿದ್ದರು. ಆ ಹುಡುಗಿಯೂ ಹಾಗೇ ಬರೆದಿದ್ದಳು. ಮಾರ್ಕ್ಸ್ ಯಾರಿಗೆ ಬೇಡ? ಟಿಕ್ ಹಾಕುತ್ತಾ ಹೋದೆ.

ಹದಿನಾಲ್ಕನೇ ಪ್ರಶ್ನೆಯನ್ನು ಬದಲಾಯಿಸಿದ್ದೇನೆ. ಈಗ ತೃಪ್ತಿ ಇಲ್ಲ, 1ರಿಂದ 5 ಇಲ್ಲ. ‘ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ಯಾರನ್ನು ಕೇಳುತ್ತೀರಿ?’ ನಿನ್ನೆ ಬಂಗಾರಪೇಟೆ ರಸ್ತೆಯ ಒಂದು ಹಳ್ಳಿಯಲ್ಲಿ ಮೊದಲ ಮನೆಗೆ ಹೋದೆ. ಹಸುವಿಗೆ ಮೇವು ಹಾಕುತ್ತಿದ್ದವರು ತಿರುಗಿಯೂ ನೋಡದೆ, "ವಾಟರ್‌ಮ್ಯಾನ್‌ನ" ಅಂದರು. ಆಮೇಲೆ ತಿರುಗಿ ನನ್ನ ಕೈಯಲ್ಲಿದ್ದ ಹಾಳೆ ನೋಡಿ, "ಯಾಕೆ ಸಾರ್, ಅವನನ್ನೂ ತೆಗೀತಾರಾ?" ಅಂದರು.