‘ಕೊಂದಿದ್ದು ನಾನಲ್ಲ, ನನ್ನೊಳಗಿನ ಅವನು’ ಅಂದರೆ ಬಚಾವಾಗಬಹುದಾ?

ನಾನು ಕ್ರೈಂ ಥ್ರಿಲ್ಲರ್ ಹುಚ್ಚಿನವನು ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದಿದೆ. ‘ಒಬ್ಬನ ಒಳಗೆ ಇಬ್ಬರಿದ್ದಾರೆ ಅಂತಿಟ್ಕೊಳ್ಳಿ. ಒಬ್ಬ ಪಾಪದವನು. ಇನ್ನೊಬ್ಬ ಕೊಲೆ ಮಾಡ್ತಾನೆ. ಪಾಪದವನಿಗೆ ಏನೂ ಗೊತ್ತಿಲ್ಲ. ಕೋರ್ಟಿನಲ್ಲಿ ಬಿಟ್ಟುಬಿಡ್ತಾರಾ?’

ಸಾಮಾನ್ಯವಾಗಿ ಬಿಡುವುದಿಲ್ಲ. ಬಿಟ್ಟರೂ ನೆಟ್ಟಗೆ ಮನೆಗೆ ಕಳಿಸುವುದು ಅಪರೂಪ.

ಯಾಕೆ ಅಂತ ಹೇಳಲು ಒಂದು ಅಂಗಿ ಸಾಕು. ಒಬ್ಬ ಬೆಳಿಗ್ಗೆ ಏಳುತ್ತಾನೆ. ಹಿಂದಿನ ರಾತ್ರಿಯದು ಒಂದೂ ನೆನಪಿಲ್ಲ. ಬಚ್ಚಲಿಗೆ ಹೋದರೆ ಬಕೆಟ್‌ನಲ್ಲಿ ಅವನದೇ ಅಂಗಿ ನೆನೆಯುತ್ತಿದೆ, ನೀರು ಕೆಂಪಗಿದೆ. ಕಾದಂಬರಿಕಾರ ಅಲ್ಲಿಗೆ ಅಧ್ಯಾಯ ಮುಗಿಸಿ ನಮ್ಮ ನಿದ್ದೆ ಕೆಡಿಸುತ್ತಾನೆ. ಸರ್ಕಾರಿ ವಕೀಲ ಮಾತ್ರ ಕೆಂಪು ನೀರು ನೋಡಿ ಹೆದರುವವನಲ್ಲ. ಅವನು ಕೇಳುವುದು ಇಷ್ಟೇ: ಅಂಗಿಯನ್ನು ಸೋಪಿನ ನೀರಿಗೆ ಹಾಕಿದ್ದು ಯಾಕೆ?

ಈ ಪ್ರಶ್ನೆಯ ಬೇರು 1843ರ ಇಂಗ್ಲೆಂಡಿನಲ್ಲಿದೆ. ಡೇನಿಯಲ್ ಮೆಕ್‌ನಾಟನ್ ಎಂಬವನು ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡು ಹೊಡೆದ. ಹುಚ್ಚಿನ ಕಾರಣಕ್ಕೆ ಖುಲಾಸೆಯಾದ. ದೊಡ್ಡ ಗಲಾಟೆಯೇ ಆಯಿತು. ಆಗ ನ್ಯಾಯಾಧೀಶರು ಕೊಟ್ಟ ನಿಯಮದ ಸಾರ ಹೀಗಿದೆ: ಆರೋಪಿ ಬಚಾವಾಗಬೇಕಾದರೆ, ಕೃತ್ಯದ ಹೊತ್ತಿಗೆ ತಾನು ಏನು ಮಾಡುತ್ತಿದ್ದೇನೆ ಅನ್ನುವುದು ಮನೋರೋಗದಿಂದಾಗಿ ಅವನಿಗೆ ಗೊತ್ತಿರಬಾರದು, ಇಲ್ಲವೇ ಅದು ತಪ್ಪು ಅನ್ನುವುದು ಗೊತ್ತಿರಬಾರದು. ಆಮೇಲೆ ಮರೆತುಹೋಯಿತು ಅನ್ನುವುದು ಇದರಲ್ಲಿ ಬರುವುದೇ ಇಲ್ಲ. ಅಂಗಿ ನೆನೆಹಾಕಿದವನಿಗೆ ಎಲ್ಲ ಗೊತ್ತಿತ್ತು, ಅಲ್ವಾ? ಅವನ ಹೆಸರು ಏನಾದರೂ ಇರಲಿ.

ಆದರೂ ಒಬ್ಬ ಬಚಾವಾದ. ಬಿಲ್ಲಿ ಮಿಲ್ಲಿಗನ್. ಅತ್ಯಾಚಾರದ ಆರೋಪ, ಅಮೆರಿಕದ ಓಹಾಯೋ ರಾಜ್ಯ, 1978. ಅವನೊಳಗೆ 24 ವ್ಯಕ್ತಿತ್ವಗಳಿವೆ ಎಂದು ಹೇಳಲಾಗಿತ್ತು. ಮಾನಸಿಕ ಅಸ್ವಸ್ಥತೆಯಿಂದಾಗಿ ನಿರ್ದೋಷಿ ಎಂದು ತೀರ್ಪು ಬಂತು. ಕತೆಗಾರರೆಲ್ಲ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಅವನು ಬಿಡುಗಡೆಯಾದದ್ದು 1988ರಲ್ಲಿ. ಅಲ್ಲಿಯವರೆಗೆ ಒಂದು ಮಾನಸಿಕ ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದಾಟ. ಮೊದಲೇ ಅವಧಿ ಗೊತ್ತಿರುವ ಜೈಲು ಶಿಕ್ಷೆ ಇದಕ್ಕಿಂತ ವಾಸಿ ಅಂತ ಕೆಲವರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಇನ್ನೂ ಮಜಾ ಅಂದರೆ, ಅದೇ ಓಹಾಯೋದಲ್ಲಿ 1982ರಲ್ಲಿ ಇನ್ನೊಂದು ಕೇಸು ಬಂತು. ಕುಡಿದು ಕಾರು ಓಡಿಸಿದ ಹೆಂಗಸೊಬ್ಬಳು, ಆಗ ಓಡಿಸುತ್ತಿದ್ದದ್ದು ನಾನಲ್ಲ, ನನ್ನ ಇನ್ನೊಂದು ವ್ಯಕ್ತಿತ್ವ ಅಂದಳು. ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಕಾರು ಓಡಿಸಿದ್ದು ಒಬ್ಬಳೇ, ಆರೋಪಿಯೂ ಒಬ್ಬಳೇ, ಯಾವ ಮನಸ್ಥಿತಿಯಲ್ಲಿದ್ದಳು ಅನ್ನುವುದು ಇಲ್ಲಿ ಮುಖ್ಯವಲ್ಲ ಎಂಬ ಅರ್ಥದಲ್ಲಿ ತೀರ್ಪು ಕೊಟ್ಟಿತು. ನನಗೆ ಮಿಲ್ಲಿಗನ್‌ಗಿಂತ ಈ ಸಣ್ಣ ಕೇಸೇ ಜಾಸ್ತಿ ಇಷ್ಟ.

ವೈದ್ಯರೂ ಹೆಚ್ಚುಕಡಿಮೆ ಅದೇ ದಾರಿಗೆ ಬಂದರು. 1994ರಲ್ಲಿ ಅಮೆರಿಕದ ಮನೋವೈದ್ಯರು ‘ಮಲ್ಟಿಪಲ್ ಪರ್ಸನಾಲಿಟಿ’ ಅನ್ನುವ ಹೆಸರನ್ನೇ ಬಿಟ್ಟು ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’ ಅಂತ ಕರೆದರು. ಒಂದು ಮೈಯೊಳಗೆ ಹತ್ತು ಜನ ಬಾಡಿಗೆಗಿದ್ದಾರೆ ಅಂತಲ್ಲ. ಒಬ್ಬ ಮನುಷ್ಯನ ‘ನಾನು’ ಅನ್ನುವುದೇ ಒಂದಾಗಿ ಕೂಡಿಕೊಳ್ಳಲಿಲ್ಲ ಅಂತ. ಹೆಚ್ಚಿನವರ ಹಿಂದೆ ಬಾಲ್ಯದ ಭಯಂಕರ ಹಿಂಸೆ ಇರುತ್ತದೆ. ಇವರು ಬೇರೆಯವರಿಗೆ ಮಾಡುವುದಕ್ಕಿಂತ ತಮಗೆ ತಾವೇ ಅಪಾಯ ಮಾಡಿಕೊಳ್ಳುವುದು ಜಾಸ್ತಿ. ಥ್ರಿಲ್ಲರ್‌ಗಳಲ್ಲಿ ಮಾತ್ರ ಎಲ್ಲರ ಕೈಗೂ ಚಾಕು ಕೊಟ್ಟಾಗಿದೆ. ಕೊನೇ ಪುಟದಲ್ಲಿ ‘ಇಬ್ಬರೂ ಒಬ್ಬನೇ’ ಅನ್ನುವ ಟ್ವಿಸ್ಟು ಬಂದರೆ ನಾನಂತೂ ಪುಸ್ತಕ ಮುಚ್ಚಿಡುತ್ತೇನೆ.

ಸುಮ್ನೆ ನಾಟಕ ಆಡುವವರಿಲ್ವಾ? ಇದ್ದಾರೆ. ಲಾಸ್ ಏಂಜಲೀಸ್‌ನ ಸರಣಿ ಹಂತಕ ಕೆನೆತ್ ಬಿಯಾಂಕಿ 1979ರಲ್ಲಿ ಸಮ್ಮೋಹನಕ್ಕೆ ಒಳಗಾದವನಂತೆ ಕೂತು, ಕೊಂದಿದ್ದೆಲ್ಲ ‘ಸ್ಟೀವ್’ ಅಂದ. ಪರೀಕ್ಷೆಗೆ ಬಂದ ಮನೋವೈದ್ಯ ಮಾರ್ಟಿನ್ ಆರ್ನ್ ಜಾಣ. ಈ ಕಾಯಿಲೆಯಲ್ಲಿ ಇಬ್ಬರೇ ಇರುವುದು ಅಪರೂಪ ಅಂತ ಬಿಯಾಂಕಿಯ ಕಿವಿಗೆ ಬೀಳುವಂತೆ ಹೇಳಿದರು. ಸ್ವಲ್ಪ ಹೊತ್ತಿಗೆ ‘ಬಿಲ್ಲಿ’ ಅನ್ನುವ ಮೂರನೆಯವನು ಹಾಜರ್! ಸ್ಟೀವ್ ಅನ್ನುವ ಹೆಸರು ಕೂಡ, ಸುಳ್ಳು ಸರ್ಟಿಫಿಕೇಟಿಗಾಗಿ ಅವನು ಅಂಕಪಟ್ಟಿ ಬಳಸಿಕೊಂಡಿದ್ದ ವಿದ್ಯಾರ್ಥಿಯೊಬ್ಬನದು. ಕೊನೆಗೆ ಬಿಯಾಂಕಿ ತಪ್ಪೊಪ್ಪಿಕೊಂಡ, ಜೀವಾವಧಿ ಶಿಕ್ಷೆಯಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ನನ್ನನ್ನು ಕಾಡುತ್ತದೆ. ದೇಹ ಒಂದು, ಹೊಣೆಯೂ ಒಂದು ಅಂತ ಕೋರ್ಟು ಕೈತೊಳೆದುಕೊಳ್ಳಬಹುದು. ಆದರೆ ಕಾಯಿಲೆ ನಿಜವಾಗಿದ್ದರೆ, ಜೈಲಿನ ಗೋಡೆ ನೋಡುತ್ತಾ ಕೂರುವವನು ಆ ರಾತ್ರಿಯ ನೆನಪೇ ಇಲ್ಲದವನು. ಚಿಕಿತ್ಸೆಯಲ್ಲಿ ಎರಡೂ ವ್ಯಕ್ತಿತ್ವಗಳನ್ನು ನಿಧಾನಕ್ಕೆ ಕೂಡಿಸುತ್ತಾರೆ. ಕೂಡಿದರೆ ಆ ಕೊಲೆ ಅವನ ಸ್ವಂತ ನೆನಪಾಗಿ ಒಳಗೆ ಬರುತ್ತದೆ. ಸತ್ತವನ ಮುಖ, ಕೈಗೆ ಅಂಟಿದ ಬಿಸಿ, ಎಲ್ಲ. ಅಂಥವನು ಡಾಕ್ಟರ ಮುಂದೆ ಕೂತು ‘ನನಗೆ ಗುಣವಾಗುವುದು ಬೇಡ’ ಅಂದರೆ?

ಈ ಕತೆಯನ್ನು ಎರಡು ಸಲ ಶುರು ಮಾಡಿದ್ದೇನೆ. ಎರಡೂ ಸಲ ಡಾಕ್ಟರು ಕುರ್ಚಿ ಎಳೆದುಕೊಂಡು ಕೂರುವವರೆಗೆ ಬಂದು ನಿಂತಿದೆ.