ಚಾರ್ಮಾಡಿ ಏರಿನಲ್ಲಿ ತಣ್ಣಗಿದ್ದ ಹೋಸ್

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಉಜಿರೆಯಿಂದ ಕಾರಿನಲ್ಲಿ ಹೊರಟು ಚಾರ್ಮಾಡಿ ಘಾಟಿಯ ತಿರುವುಗಳನ್ನು ಎರಡನೇ ಗೇರಿನಲ್ಲಿ ಏರುತ್ತಿದ್ದಾಗ, ಅಲ್ಲಿಯವರೆಗೆ ನಡುವಿನಲ್ಲಿದ್ದ ತಾಪಮಾಪಕದ ಮುಳ್ಳು ಕೆಂಪು ಗೆರೆಯತ್ತ ಸರಿಯತೊಡಗಿತು. ಹದಿನೈದು ದಿನಗಳಲ್ಲಿ ಇದು ಎರಡನೇ ಸಲ. ಹಿಂದಿನ ಬಾರಿ ಒಂದು ಗ್ಯಾರೇಜಿನಲ್ಲಿ, ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರಿನ ಮುಚ್ಚಳವನ್ನೂ ಫ್ಯಾನಿನ ಸ್ವಿಚ್ಚನ್ನೂ ಬದಲಾಯಿಸಿ, ಸರಿಹೋಯಿತೆಂದು ಕಳುಹಿಸಿದ್ದರು.

ಎ.ಸಿ. ಆರಿಸಿ, ಕಿಟಕಿಗಳನ್ನು ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿದೆ. ಹಿಂದಿನ ಸೀಟಿನಲ್ಲಿದ್ದ ಅಮ್ಮನಿಗೆ ಆ ಸೆಕೆಯಲ್ಲಿ ಅದು ಹಿಂಸೆಯೇ ಆಗಿದ್ದರೂ, ಎಂಜಿನ್ನಿನ ಒಂದಿಷ್ಟು ಶಾಖವನ್ನು ಹೊರಹಾಕಲು ಬೇರೆ ದಾರಿ ಇರಲಿಲ್ಲ. ಬಂದ ಗಾಳಿ ಸುಡುವಷ್ಟು ಬಿಸಿಯಾಗಿತ್ತು. ಹೀಟರಿನವರೆಗೆ ಬಿಸಿನೀರು ಹರಿದು ಬರುತ್ತಿದೆಯೆಂದರೆ ವಾಟರ್ ಪಂಪ್ ತಿರುಗುತ್ತಿದೆ, ನೀರೂ ತೀರಾ ಇಳಿದಿಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಅಗಲವಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿದೆ. ಮುಚ್ಚಳವನ್ನು ಮುಟ್ಟಲಿಲ್ಲ, ಒತ್ತಡದಿಂದಾಗಿ 100 ಡಿಗ್ರಿ ದಾಟಿದರೂ ಕುದಿಯದೆ ಉಳಿದಿರುವ ನೀರು, ಅದನ್ನು ಸಡಿಲಿಸಿದ ಕ್ಷಣದಲ್ಲೇ ಉಕ್ಕಿ ಮುಖಕ್ಕೆ ಚಿಮ್ಮುತ್ತದೆ. ಫ್ಯಾನು ರಭಸದಿಂದ ತಿರುಗುತ್ತಿತ್ತು, ಆದರೆ ಅದು ಎಸೆಯುತ್ತಿದ್ದ ಗಾಳಿಯಲ್ಲಿ ಬಿಸಿಯೇ ಇರಲಿಲ್ಲ. ಕೀಲಿ ತೆಗೆದು, ಫ್ಯಾನು ನಿಂತ ಮೇಲೆ ರೇಡಿಯೇಟರಿನ ಹೋಸುಗಳನ್ನು, ಅಂದರೆ ನೀರು ಹರಿಯುವ ರಬ್ಬರ್ ಕೊಳವೆಗಳನ್ನು, ಬಟ್ಟೆಯಿಂದ ಮುಟ್ಟಿದೆ. ಮೇಲಿನದು ಬಿಸಿ, ಕೆಳಗಿನದು ಬರಿಗೈಯಲ್ಲಿ ಹಿಡಿದರೂ ತಣ್ಣಗೆ. ಎಂಜಿನ್ನಿನ ಬಿಸಿನೀರು ರೇಡಿಯೇಟರಿನ ಮೂಲಕ ಸರಿಯಾಗಿ ಹರಿಯುತ್ತಿಲ್ಲ ಎಂಬುದು ಆ ಒಂದು ಸ್ಪರ್ಶದಲ್ಲಿ ತಿಳಿಯಿತು. ಉಳಿದದ್ದು ಎರಡೇ ಸಂಶಯ: ರೇಡಿಯೇಟರಿನ ನಾಳಗಳು ಕಟ್ಟಿರಬೇಕು, ಇಲ್ಲವೇ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ. ಎಂಜಿನ್ನಿನೊಳಗೆ ನೀರು, ಎಣ್ಣೆ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದೆಂಬ ಭಯವೂ ಇತ್ತು. ಎಣ್ಣೆ ಅಳೆಯುವ ಕಡ್ಡಿಯಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗಾಗಿಲ್ಲದ್ದನ್ನು ಕಂಡು ಮನಸ್ಸು ಎಷ್ಟೋ ಹಗುರವಾಯಿತು.

ಮುಕ್ಕಾಲು ಗಂಟೆ ಕಾದು, ತಣಿದ ಮೇಲೆ ನೀರು ತುಂಬಿ, ಮೂರು ಕಡೆ ನಿಲ್ಲಿಸುತ್ತ ಕೊಟ್ಟಿಗೆಹಾರ ಮುಟ್ಟಿ ಮನೆ ಸೇರಿದೆವು.

ಮರುದಿನ ಥರ್ಮೋಸ್ಟಾಟನ್ನು ಬಿಚ್ಚಿಸಿ ತಂದು, ಹಳೆಯ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಹೊಸದನ್ನೂ ಇಟ್ಟು ಒಲೆ ಹಚ್ಚಿದೆ. ಎರಡರ ಮೇಲೂ 82 ಡಿಗ್ರಿ ಎಂದು ಕೆತ್ತಿತ್ತು. ಒಳಗಿನ ಮೇಣ ಕರಗಿ ಹಿಗ್ಗಿದಂತೆ ಹೊಸದರ ಬಾಯಿ ನೀರು ಕುದಿಯುವ ಮೊದಲೇ 8 ಮಿಲಿಮೀಟರಿನಷ್ಟು ತೆರೆದುಕೊಂಡಿತು. ಹಳೆಯದು ಕುದಿನೀರಿನಲ್ಲೂ ಉಗುರು ತೂರುವಷ್ಟು ಮಾತ್ರ ಬಾಯಿಬಿಟ್ಟಿತು. ಸಮತಟ್ಟಿನ ರಸ್ತೆಗೆ ಆ ಸಂದಿ ಸಾಕಾಗುತ್ತಿತ್ತು, ಘಟ್ಟ ಏರಲು ಸಾಲದಾಯಿತು. ಅದರ ಅಂಚಿನಲ್ಲಿ ಬಿಳಿ ಸುಣ್ಣದ ಪದರ ಗಟ್ಟಿಯಾಗಿ ಕೂತಿತ್ತು. ಎರಡು ವರ್ಷ ಕೂಲಂಟ್ ಬದಲಿಗೆ ಮನೆಯ ಬೋರ್‌ವೆಲ್ ನೀರನ್ನೇ ತುಂಬಿದವನು ನಾನು; ಅದೇ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಇಂಥದೇ ಪದರವನ್ನು ದಿನವೂ ನೋಡಿದ್ದೆ.

ವ್ಯವಸ್ಥೆಯನ್ನೆಲ್ಲ ತೊಳೆಸಿ, ಭಟ್ಟಿ ಇಳಿಸಿದ ನೀರಿಗೆ ಸಮಪಾಲು ಕೂಲಂಟ್ ಬೆರೆಸಿ ತುಂಬಿದೆ. ಮುಂದಿನ ತಿಂಗಳು ಅದೇ ಏರಿನಲ್ಲಿ ಮುಳ್ಳು ನಡುವಿನಿಂದ ಕದಲಲಿಲ್ಲ. ಆದರೂ ಕೊಟ್ಟಿಗೆಹಾರದಲ್ಲಿ ಇಳಿದು ಕೆಳಗಿನ ಹೋಸನ್ನು ಮುಟ್ಟಿ ನೋಡಿದೆ. ಹಿಡಿಯಲಾಗದಷ್ಟು ಬಿಸಿಯಾಗಿತ್ತು.